ಒಂದು ಸಿದ್ದೆ ಉಪ್ಪು ಎಷ್ಟು ಗ್ರಾಂ?

ಸಿದ್ದೆ ಎಂದರೆ ಅಕ್ಕಿ, ಉಪ್ಪು ಅಳೆಯುವ ಮನೆಯ ಅಳತೆ ಪಾತ್ರೆ. ಅಳತೆಯನ್ನು ತೂಕಕ್ಕೆ ತಿರುಗಿಸುವ ಸೂತ್ರ ಒಂದೇ ಸಾಲಿನದು: ಗ್ರಾಂ = ಮಿಲಿಲೀಟರ್ × ಸಾಂದ್ರತೆ. ನೀರಿನ ಸಾಂದ್ರತೆ 1. ಅಡುಗೆ ಎಣ್ಣೆಯದು 0.91, ಲೀಟರ್ ಪೊಟ್ಟಣದ ಮೇಲೆ 910 ಗ್ರಾಂ ಎಂದು ಅಚ್ಚು ಹಾಕುವುದು ಇದೇ ಲೆಕ್ಕದಿಂದ. ಜೇನುತುಪ್ಪದ್ದು 1.4ರ ಆಸುಪಾಸು. ಶಿರಸಿಯ ಜೋನಿಬೆಲ್ಲವೂ (ದ್ರವರೂಪದ ಬೆಲ್ಲ) ನೀರಿಗಿಂತ ಭಾರ, ಹಾಗಾಗಿ ಒಂದು ಕಿಲೋ ಕೊಂಡರೆ ಲೀಟರ್ ಬಾಟಲಿ ತುಂಬುವುದಿಲ್ಲ. ದ್ರವಗಳ ಕಥೆ ಇಲ್ಲಿಗೆ ಮುಗಿಯಿತು.

ತಲೆ ಕೆಡಿಸುವುದು ಪುಡಿ, ಹರಳು, ಕಾಳುಗಳು. ರಸಾಯನಶಾಸ್ತ್ರದ ಪುಸ್ತಕ ತೆರೆದರೆ ಉಪ್ಪಿನ ಸಾಂದ್ರತೆ 2.16 ಎಂದಿರುತ್ತದೆ. 240 ಮಿಲಿ ಲೋಟಕ್ಕೆ ಗುಣಿಸಿದರೆ 518 ಗ್ರಾಂ. ಅದೇ ಲೋಟದ ತುಂಬ ಪುಡಿ ಉಪ್ಪನ್ನು ತಕ್ಕಡಿಗೆ ಇಟ್ಟರೆ ಮುಳ್ಳು 290ರ ಹತ್ತಿರವೇ ನಿಲ್ಲುತ್ತದೆ. ಪುಸ್ತಕವೂ ಸರಿ, ತಕ್ಕಡಿಯೂ ಸರಿ. 2.16 ಎನ್ನುವುದು ಹರಳಿನ ಸಾಂದ್ರತೆ, ಲೋಟದ ಉಪ್ಪಿನದಲ್ಲ. ಬುಟ್ಟಿಗೆ ತುಂಬಿದ ತೆಂಗಿನಕಾಯಿಗಳ ನಡುವೆ ಸಂದು ಉಳಿಯುವಂತೆ ಹರಳುಗಳ ನಡುವೆಯೂ ಗಾಳಿ ಇರುತ್ತದೆ. 290ನ್ನು 2.16ರಿಂದ ಭಾಗಿಸಿ ನೋಡಿ: ನಿಜವಾದ ಉಪ್ಪು ಸುಮಾರು 134 ಮಿಲಿ, ಉಳಿದ 106 ಮಿಲಿ ಬರೀ ಗಾಳಿ! ಅಡುಗೆಗೆ ಬೇಕಾದದ್ದು ಗಾಳಿಯೂ ಸೇರಿದ ಸಾಂದ್ರತೆ. ಇದನ್ನು ನನ್ನ ಪುಸ್ತಕದಲ್ಲಿ 'ರಾಶಿ ಸಾಂದ್ರತೆ' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಪುಡಿ ಉಪ್ಪಿಗೆ ಅದು ಸುಮಾರು 1.2.

ಗೋಕರ್ಣದ ಬಳಿಯ ಸಾಣಿಕಟ್ಟಾದ ಹರಳುಪ್ಪಿಗೆ ಈ 1.2 ಹೊಂದುವುದಿಲ್ಲ. ಹರಳು ದೊಡ್ಡದು, ಆಕಾರ ಒಂದೇ ಸಮ ಇಲ್ಲ, ಸಂದೂ ಹೆಚ್ಚು. ಅಪ್ಪೆಮಿಡಿ ಉಪ್ಪಿನಕಾಯಿಗೆ ಅಜ್ಜಿಯಂದಿರು 'ಸಿದ್ದೆ' ಲೆಕ್ಕದಲ್ಲಿ ಹೇಳುವ ಉಪ್ಪು ಹರಳುಪ್ಪು. ಅಷ್ಟೇ ಸಿದ್ದೆ ಪುಡಿ ಉಪ್ಪು ಸುರಿದರೆ ಮಿಡಿಗೆ ಉಪ್ಪು ಹೆಚ್ಚಾಗುತ್ತದೆ. ತೂಕದ ಲೆಕ್ಕಕ್ಕೆ ಬಂದರೆ ಈ ತಕರಾರೇ ಇಲ್ಲ: ನೂರು ಗ್ರಾಂ ಯಾವ ಉಪ್ಪಾದರೂ ನೂರು ಗ್ರಾಂ.

ಈಗ ನನ್ನ ಅಚ್ಚುಮೆಚ್ಚಿನ ಸುಳುಹು. ಪುಡಿ ಉಪ್ಪಿಗೆ 5 ಮಿಲಿ ಎಂದರೆ 6 ಗ್ರಾಂ. ಸಕ್ಕರೆಗೆ ತಿರುವುಮುರುವು, 6 ಮಿಲಿ ಎಂದರೆ 5 ಗ್ರಾಂ. 240 ಮಿಲಿ ಸಕ್ಕರೆ 200 ಗ್ರಾಂ ಆಗುವುದು ಹೀಗೆ. 300 ಗ್ರಾಂ ಸಕ್ಕರೆ ಬೇಕಿದ್ದರೆ? 300 × 6 ÷ 5 = 360 ಮಿಲಿ, ಅಂದರೆ ಒಂದೂವರೆ ಲೋಟ. ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲ ಬಂದರೆ, ಲೋಟದಲ್ಲಿ ನೀರಿಗಿಂತ ಹಗುರಾದ ಪದಾರ್ಥಕ್ಕೆ ಮಿಲಿಯ ಸಂಖ್ಯೆ ಗ್ರಾಂ ಸಂಖ್ಯೆಗಿಂತ ದೊಡ್ಡದಿರಲೇಬೇಕು. ಇಲ್ಲದಿದ್ದರೆ ಲೆಕ್ಕ ತಲೆಕೆಳಗಾಗಿದೆ. ಅಕ್ಕಿಯೂ ಹೆಚ್ಚುಕಡಿಮೆ ಸಕ್ಕರೆಯ ಸಾಲಿಗೇ ಬರುತ್ತದೆ. ಮೈದಾ ಮಾತ್ರ ನಂಬಿಕಸ್ಥನಲ್ಲ: ಜರಡಿ ಹಿಡಿದು ಚಮಚದಿಂದ ಮೆಲ್ಲಗೆ ತುಂಬಿದರೆ ಲೋಟಕ್ಕೆ 120 ಗ್ರಾಂ, ಡಬ್ಬಿಯೊಳಗೇ ಲೋಟ ಅದ್ದಿ ಒತ್ತಿ ತೆಗೆದರೆ 150ರವರೆಗೂ ಹೋಗುತ್ತದೆ.

ಮನೆಯ ಸಿದ್ದೆ ಎಷ್ಟು ಮಿಲಿ ಎಂದು ತಿಳಿಯಲು ಖಾಲಿ ಸಿದ್ದೆಯನ್ನು ತಕ್ಕಡಿಗಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಬಂದ ಗ್ರಾಂ ಸಂಖ್ಯೆಯೇ ಮಿಲಿ. ಆಮೇಲೆ ಸಿದ್ದೆಯನ್ನು ಚೆನ್ನಾಗಿ ಒರೆಸಿ ಅಕ್ಕಿ ತುಂಬಿ, ತಲೆಯನ್ನು ಕೈಯಿಂದ ಸವರಿ ಸಮ ಮಾಡಿ ತೂಗಿ. ಅಕ್ಕಿಯ ತೂಕವನ್ನು ನೀರಿನ ತೂಕದಿಂದ ಭಾಗಿಸಿದರೆ ನಿಮ್ಮ ಅಕ್ಕಿಯ ರಾಶಿ ಸಾಂದ್ರತೆ ಸಿಕ್ಕಿತು. ಉಪ್ಪಿಗೆ ಇದನ್ನು ಬೇಸಿಗೆಯಲ್ಲೇ ಮಾಡಿಕೊಳ್ಳಿ. ಕರಾವಳಿಯ ಮಳೆಗಾಲದಲ್ಲಿ ಉಪ್ಪು ತೇವ ಹೀರಿ ಗಂಟು ಕಟ್ಟುತ್ತದೆ, ಆಗ ತಕ್ಕಡಿ ತೋರಿಸುವುದರಲ್ಲಿ ನೀರಿನ ಪಾಲೂ ಇರುತ್ತದೆ.