ಸಾವಿರ ಲೀಟರ್ ದಾಟಿದ ಅಕ್ವೇರಿಯಂಗೆ ಎಂಥ ಫಿಲ್ಟರ್ ಬೇಕು?

ಪ್ರಶ್ನೆ: ಮನೆಗೆ 8 ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರದ ಟ್ಯಾಂಕ್ ಮಾಡಿಸುತ್ತಿದ್ದೇನೆ. ಆಸ್ಕರ್‌ನಂಥ ದೊಡ್ಡ ಮೀನು ಸಾಕುವ ಆಸೆ. ಒಂದು ದೊಡ್ಡ ಕ್ಯಾನಿಸ್ಟರ್ ಫಿಲ್ಟರ್ ಸಾಕಾ, ಇಲ್ಲ ಸಂಪ್ ಮಾಡಿಸಬೇಕಾ?

ಉತ್ತರ: ಸಂಪ್ ಮಾಡಿಸಿ. ಟ್ಯಾಂಕ್ ಇನ್ನೂ ತಯಾರಾಗುತ್ತಿದೆ ಅಂದಿರಲ್ಲ, ಗಾಜಿಗೆ ತೂತು ಹಾಕಿಸಲು ಇದೇ ಸಮಯ. ನೀರು ತುಂಬಿದ ಮೇಲೆ ಆ ಅವಕಾಶ ಇರುವುದಿಲ್ಲ. ತೂತು ಬೀಳಬೇಕಾದ ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಅಲ್ಲ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ. ಟಫನ್ಡ್ ಗಾಜಿಗೆ ಡ್ರಿಲ್ ಇಟ್ಟರೆ ಇಡೀ ಹಾಳೆ ಪುಡಿಪುಡಿಯಾಗುತ್ತದೆ.

ಇಲ್ಲಿ ಸಂಪ್ ಅಂದರೆ ನೆಲದೊಳಗಿನ ನೀರಿನ ತೊಟ್ಟಿಯಲ್ಲ. ಟ್ಯಾಂಕಿನ ಸ್ಟ್ಯಾಂಡ್ ಒಳಗೆ ಕೂರುವ ಇನ್ನೊಂದು ಗಾಜಿನ ಪೆಟ್ಟಿಗೆ. ಮೇಲಿನ ನೀರು ಪೈಪಿನಲ್ಲಿ ಅದಕ್ಕೆ ಇಳಿಯುತ್ತದೆ, ಸೋಸಿಕೊಂಡು ಪಂಪ್ ಮೂಲಕ ಮತ್ತೆ ಮೇಲೆ ಹೋಗುತ್ತದೆ. ಅಷ್ಟೇ. ಕ್ಯಾನಿಸ್ಟರ್ ಅಂದರೆ ಟ್ಯಾಂಕಿನ ಹೊರಗಿಟ್ಟು ಪೈಪಿನಿಂದ ಜೋಡಿಸುವ ಫಿಲ್ಟರ್ ಡಬ್ಬಿ.

ಸಂಪ್ ಯಾಕೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ನಿಮ್ಮ ಅಳತೆಯ ಟ್ಯಾಂಕಿಗೆ ಕಂಠಪೂರ್ತಿ ತುಂಬಿದರೆ ಸುಮಾರು 1,400 ಲೀಟರ್. ಮೇಲೆ ಬಿಡುವ ಜಾಗ, ಕಲ್ಲು, ಮರಳು ಎಲ್ಲ ಕಳೆದರೆ 1,200 ಅಂತ ಇಟ್ಟುಕೊಳ್ಳೋಣ. 28 ಡಿಗ್ರಿ ಬಿಸಿಯ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ 8 ಮಿಲಿಗ್ರಾಂಗಿಂತ ಸ್ವಲ್ಪ ಕಡಿಮೆ ಆಮ್ಲಜನಕ ಕರಗಿರುತ್ತದೆ. ಅಂದರೆ ಇಡೀ ಟ್ಯಾಂಕಿನಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 9 ಗ್ರಾಂ. ಈಗ ಮೀನುಗಳು ದಿನಕ್ಕೆ 50 ಗ್ರಾಂ ಆಹಾರ ತಿಂದವು ಅನ್ನಿ, ಅದರಲ್ಲಿ 40% ಪ್ರೋಟೀನ್. ಅದರಿಂದ ಹುಟ್ಟುವುದು ಸುಮಾರು 2 ಗ್ರಾಂ ಅಮೋನಿಯಾ, ಮೀನಿಗೆ ವಿಷ. ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಬೇಕು. ಈ ಕೆಲಸಕ್ಕೆ ಅವು ಉಸಿರಾಡುವ ಆಮ್ಲಜನಕ 8 ಗ್ರಾಂಗಿಂತ ಜಾಸ್ತಿ!

ಮೀನು ಉಸಿರಾಡುವ ಆಮ್ಲಜನಕ ಇದಲ್ಲದೆ ಬೇರೆ. ಹಾಗಾಗಿ ದೊಡ್ಡ ಟ್ಯಾಂಕಿನ ಫಿಲ್ಟರ್ ಅಂದರೆ ಅರ್ಧ ಕಸದ ಮಾತು, ಇನ್ನರ್ಧ ಗಾಳಿಯ ಮಾತು. ಕ್ಯಾನಿಸ್ಟರ್ ಮುಚ್ಚಿದ ಡಬ್ಬಿ. ಒಳಗಿನ ಬ್ಯಾಕ್ಟೀರಿಯಾಕ್ಕೆ ನೀರಿನ ಜೊತೆ ಬಂದಷ್ಟೇ ಗಾಳಿ. ಸಂಪ್‌ನಲ್ಲಾದರೆ ನೀರು ಬೀಳುತ್ತಾ, ಚೆಲ್ಲುತ್ತಾ, ದಾರಿಯುದ್ದಕ್ಕೂ ಗಾಳಿ ಕುಡಿಯುತ್ತದೆ.

ಕ್ಯಾನಿಸ್ಟರ್ ನಿಂತರೆ ಏನಾಗುತ್ತದೆ ಅನ್ನುವುದು ನನಗೆ ಅನುಭವದಿಂದಲೇ ಗೊತ್ತು. ಹಿಂದೆ 4 ಅಡಿಯ ಟ್ಯಾಂಕಿಗೆ ಒಂದಿತ್ತು. ಒಂದು ರಾತ್ರಿ ಪ್ಲಗ್ ಸಡಿಲವಾಗಿ ನಿಂತುಹೋಗಿದೆ. ಬೆಳಿಗ್ಗೆ ನೋಡಿದವನು ಸುಮ್ನೆ ಪ್ಲಗ್ ಒತ್ತಿದೆ. ಪೈಪಿನಿಂದ ಕಂದು ಬಣ್ಣದ ನೀರು ಬಂತು, ಕೊಳೆತ ಮೊಟ್ಟೆಯ ವಾಸನೆ. ಮಧ್ಯಾಹ್ನದ ಹೊತ್ತಿಗೆ ಎರಡು ಮೀನು ತೇಲಿದ್ದವು. ಗಂಟೆಗಟ್ಟಲೆ ನಿಂತ ಕ್ಯಾನಿಸ್ಟರನ್ನು ಹಾಗೇ ಆನ್ ಮಾಡಬಾರದು. ಬಿಚ್ಚಿ, ಒಳಗಿನ ನೀರು ಚೆಲ್ಲಿ, ಮೀಡಿಯಾವನ್ನು (ಬ್ಯಾಕ್ಟೀರಿಯಾ ನೆಲೆಸುವ ಸ್ಪಾಂಜ್, ರಿಂಗ್‌ಗಳು) ಟ್ಯಾಂಕಿನ ನೀರಿನಲ್ಲೇ ಅದ್ದಿ ತೊಳೆದು ಆಮೇಲೆ ಹಾಕಬೇಕು. ನಲ್ಲಿ ನೀರು ಬೇಡ, ಕ್ಲೋರಿನ್ ಇದ್ದರೆ ಉಳಿದ ಬ್ಯಾಕ್ಟೀರಿಯಾವೂ ಹೋಗುತ್ತದೆ.

ಹಾಗಂತ ಸಂಪ್ ಸಾಧು ಅಂದುಕೊಳ್ಳಬೇಡಿ. ಅದರ ಕಾಟ ಬೇರೆ: ಮನೆಯ ನೆಲ ಒದ್ದೆಯಾಗುವುದು. ನಿಮ್ಮ ಟ್ಯಾಂಕಿನಲ್ಲಿ ನೀರು ಒಂದು ಇಂಚು ಇಳಿದರೆ 47 ಲೀಟರ್ ಕೆಳಗೆ ಬಂತು ಅಂತ ಅರ್ಥ. ಕರೆಂಟ್ ಹೋದ ತಕ್ಷಣ ಪಂಪ್ ನಿಲ್ಲುತ್ತದೆ, ಆದರೆ ಮೇಲಿನ ನೀರು, ಪಂಪಿನಿಂದ ಮೇಲೆ ಹೋಗುವ ಪೈಪಿನಲ್ಲೇ ಉಲ್ಟಾ ಹರಿಯಲು ಶುರುವಾಗುತ್ತದೆ. ಆ ಪೈಪಿನ ಬಾಯಿ ನೀರಿನೊಳಗೆ 6 ಇಂಚು ಮುಳುಗಿದ್ದರೆ ಸುಮಾರು 280 ಲೀಟರ್ ಇಳಿದೇ ನಿಲ್ಲುವುದು. 300 ಲೀಟರಿನ ಸಂಪ್ ಆಗಲೇ ಅರ್ಧ ತುಂಬಿರುತ್ತದೆ. ಉಳಿದದ್ದು ಎಲ್ಲಿಗೆ ಹೋಗುತ್ತದೆ ಹೇಳಿ? ಪೈಪಿನ ಬಾಯಿ ನೀರಿನ ಮಟ್ಟಕ್ಕೆ ತಾಗಿಕೊಂಡಂತೆ ಇರಲಿ. ಈ ಉಲ್ಟಾ ಹರಿವು ಮುರಿಯಲು ಪೈಪಿಗೆ ಗಾಳಿ ಎಳೆಯುವ ಸಣ್ಣ ತೂತು ಕೊರೆಯುವುದುಂಟು, ಪಾಚಿ ಕಟ್ಟಿದರೆ ಅದು ಇದ್ದೂ ಇಲ್ಲದಂತೆ. ವಾಪಸ್ ಹರಿವು ತಡೆಯುವ ವಾಲ್ವ್‌ಗಳನ್ನೂ ನಾನು ನಂಬುವುದಿಲ್ಲ, ಒಂದು ಮರಳಿನ ಕಾಳು ಸಿಕ್ಕಿಕೊಂಡರೆ ಮುಗೀತು.

ಇನ್ನೊಂದು ಕಡೆಯಿಂದಲೂ ಯೋಚಿಸಬೇಕು. ಇಳಿಯುವ ಪೈಪ್ ಕಟ್ಟಿಕೊಂಡರೆ? ಪಂಪ್ ಮಾತ್ರ ಪಾಪ ನಿಲ್ಲದೆ ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಅದಕ್ಕೇ ಇಳಿಯುವ ಪೈಪ್ ಎರಡಿರಲಿ, ಒಂದು ಸದಾ ಖಾಲಿ, ತುರ್ತಿಗೆ ಮಾತ್ರ. ಜೊತೆಗೆ ಪಂಪ್ ಕೂರುವ ಖಾನೆ ಚಿಕ್ಕದಿರಲಿ, 50 ಲೀಟರ್ ಒಳಗೆ. ಟ್ಯಾಂಕಿನ ಮೇಲೆ 2 ಇಂಚು ಖಾಲಿ ಬಿಟ್ಟಿದ್ದರೆ ಆ ನೀರಷ್ಟೂ ಹೋದರೂ ಚೆಲ್ಲುವುದಿಲ್ಲ. ಖಾನೆ ಚಿಕ್ಕದಾದರೆ ಆವಿಯಾದ ನೀರಿನ ಲೆಕ್ಕ ಅಲ್ಲೇ ಬೇಗ ಕಾಣುತ್ತದೆ. ಎರಡು ದಿನಕ್ಕೊಮ್ಮೆ ನೀರು ಸೇರಿಸುವ ರಗಳೆ ಇದ್ದದ್ದೇ.

ಪಂಪ್ ವಿಷಯ ಸುಲಭ. ಗಂಟೆಗೆ ಟ್ಯಾಂಕಿನ 4ರಿಂದ 5 ಪಟ್ಟು ನೀರು ತಿರುಗಿದರೆ ಚೆನ್ನ, ಅಂದರೆ 5,000ದಿಂದ 6,000 ಲೀಟರ್. ಆದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ಸಂಖ್ಯೆ ಎತ್ತರವೇ ಇಲ್ಲದಾಗಿನದು. ನಿಮ್ಮ ಪಂಪ್ 5–6 ಅಡಿ ಮೇಲೆತ್ತಬೇಕು. ಆ ಎತ್ತರಕ್ಕೆ ಎಷ್ಟು ಕೊಡುತ್ತದೆ ಅನ್ನುವ ಗೆರೆಚಿತ್ರ ನೋಡಿಯೇ ಕೊಳ್ಳಿ. ಕ್ಯಾನಿಸ್ಟರಿನ ಡಬ್ಬಿಗೂ ಇದೇ ಮಾತು, ಆ ಸಂಖ್ಯೆ ಸಾಮಾನ್ಯವಾಗಿ ಒಳಗೆ ಮೀಡಿಯಾ ಇಲ್ಲದೆ ಅಳೆದದ್ದು.

ಸಂಪ್ ಒಳಗೆ ಮೊದಲು ಕಸ ಹಿಡಿಯುವ ಬಟ್ಟೆ ಚೀಲ ಅಥವಾ ಸ್ಪಾಂಜ್, ಆಮೇಲೆ ಸೆರಾಮಿಕ್ ರಿಂಗ್‌ನಂಥ ಮೀಡಿಯಾ. ಚೀಲವನ್ನು ಮೂರು-ನಾಲ್ಕು ದಿನಕ್ಕೊಮ್ಮೆ ಬದಲಿಸಿ. ಕಸ ಚೀಲದಲ್ಲಿ ಸಿಕ್ಕಿಕೊಂಡಿದೆ ಅಂದರೆ ನೀರಿನಿಂದ ಆಚೆ ಹೋಯಿತು ಅಂತಲ್ಲ, ಅಲ್ಲೇ ಕೊಳೆಯುತ್ತಿರುತ್ತದೆ. ಚೀಲ ತೆಗೆಯಲು ಬಗ್ಗಿ, ಕೈಚಾಚಿ, ಪೈಪ್ ಬಿಚ್ಚಬೇಕಾದ ವಿನ್ಯಾಸ ಬೇಡವೇ ಬೇಡ. ಎರಡನೇ ತಿಂಗಳಿಂದ ನೀವೇ ಮುಂದೂಡುತ್ತೀರಿ, ಅಲ್ವಾ?

ಕ್ಯಾನಿಸ್ಟರೇ ಸರಿ ಅನ್ನುವ ಸಂದರ್ಭಗಳೂ ಇವೆ. ಟ್ಯಾಂಕಿಗೆ ತೂತು ಹಾಕಲಾಗದಿದ್ದರೆ, ಇಲ್ಲವೇ ಕಾರ್ಬನ್ ಡೈಆಕ್ಸೈಡ್ ಕೊಟ್ಟು ಗಿಡ ಬೆಳೆಸುತ್ತಿದ್ದರೆ. ಬೀಳುವ ನೀರಿನಲ್ಲಿ ಆ ಅನಿಲ ಹಾರಿಹೋಗುತ್ತದಲ್ಲ. ಆಗಲೂ ಒಂದು ದೈತ್ಯನ ಬದಲು ಎರಡು ಮಧ್ಯಮ ಗಾತ್ರದವು ತನ್ನಿ. ಒಂದು ಕೆಟ್ಟರೆ ಇನ್ನೊಂದು ಓಡುತ್ತಿರುತ್ತದೆ, ತೊಳೆಯುವುದನ್ನೂ ಸರದಿಯಲ್ಲಿ ಮಾಡಬಹುದು.

ಇವೆರಡರಲ್ಲಿ ಯಾವ ಫಿಲ್ಟರ್ ಹಾಕಿದರೂ ನೈಟ್ರೇಟ್ ಮಾತ್ರ ನೀರಿನಲ್ಲೇ ಉಳಿಯುತ್ತದೆ. ವಾರಕ್ಕೆ 30% ನೀರು ಬದಲಿಸಿದರೆ 360 ಲೀಟರ್, 15 ಲೀಟರಿನ ಬಕೆಟ್ಟಿನಲ್ಲಿ 24 ಸಲ. ಸಂಪ್‌ಗೆ ಮೋರಿ ಕಡೆ ಹೋಗುವ ಒಂದು ನಲ್ಲಿ ಈಗಲೇ ಇಡಿಸಿಕೊಳ್ಳಿ, ಬೆನ್ನು ಉಳಿಯುತ್ತದೆ.

ಎಲ್ಲ ಜೋಡಿಸಿದ ಮೇಲೆ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿಯುವವರೆಗೆ ಮೀನು ತರಬೇಡಿ. ಆ ಬಿಡುವಿನಲ್ಲಿ ಒಂದು ಕೆಲಸ ಮಾಡಿ. ಪಂಪಿನ ಸ್ವಿಚ್ ಆಫ್ ಮಾಡಿ, ನೀರು ಇಳಿದು ನಿಲ್ಲುವವರೆಗೆ ಕಾಯಿರಿ. ಸಂಪ್ ತುಂಬಿ ಹರಿಯುವಂತೆ ಕಂಡರೆ ಒಂದಿಷ್ಟು ನೀರು ತೆಗೆದು ಮತ್ತೆ ನೋಡಿ. ಸರಿಹೋದ ಮೇಲೆ ಪಂಪ್ ಆನ್ ಮಾಡಿ, ಓಡುತ್ತಿರುವಾಗ ಪಂಪಿನ ಖಾನೆಯಲ್ಲಿ ನೀರು ಎಲ್ಲಿ ನಿಂತಿದೆಯೋ ಅಲ್ಲಿ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಆವಿಯಾದ ನೀರು ತುಂಬುವಾಗ ಆ ಗೆರೆ ದಾಟಬೇಡಿ. ಮನೆಯವರಿಗೂ ಗೆರೆ ತೋರಿಸಿಡಿ.