ತ್ರೈಮಾಸಿಕಕ್ಕೆ ನಾಲ್ಕು, ಚಾತುರ್ಮಾಸಿಕಕ್ಕೆ ಮೂರು

ನಿಯತಕಾಲಿಕೆಗಳ ಪಾಠ ಓದುವಾಗ ದಿನಪತ್ರಿಕೆ, ವಾರಪತ್ರಿಕೆ, ಮಾಸಿಕ ಎನ್ನುವವರೆಗೆ ಯಾರಿಗೂ ತೊಡಕಿಲ್ಲ. ಗೊಂದಲ ಶುರುವಾಗುವುದು ಪದದೊಳಗೆ ಸಂಖ್ಯೆ ಬಂದಾಗ. ತ್ರೈಮಾಸಿಕ ಎಂದರೆ ವರ್ಷಕ್ಕೆ ಮೂರು ಸಂಚಿಕೆ ಎಂದು ನಾನೂ ಬಹಳ ದಿನ ಬರೆಯುತ್ತಿದ್ದೆ.

ಕನ್ನಡದಲ್ಲಿ ಆ ಸಂಖ್ಯೆ ಎರಡು ಸಂಚಿಕೆಗಳ ನಡುವಿನ ಅಂತರವನ್ನು ಹೇಳುತ್ತದೆ. ಮೂರು ತಿಂಗಳಿಗೊಮ್ಮೆ ಬರುವುದು ತ್ರೈಮಾಸಿಕ. ಎಷ್ಟು ಸಂಚಿಕೆ ಎಂದು ತಿಳಿಯಲು 12ನ್ನು ಆ ಸಂಖ್ಯೆಯಿಂದ ಭಾಗಿಸಬೇಕು. ದ್ವೈಮಾಸಿಕಕ್ಕೆ 6, ತ್ರೈಮಾಸಿಕಕ್ಕೆ 4, ಚಾತುರ್ಮಾಸಿಕಕ್ಕೆ 3, ಷಾಣ್ಮಾಸಿಕಕ್ಕೆ 2. ನಡುವಿನ ಎರಡನ್ನು ಗಮನಿಸಿ: ಮೂರು ಎನ್ನುವ ಪತ್ರಿಕೆಗೆ ನಾಲ್ಕು ಸಂಚಿಕೆ, ನಾಲ್ಕು ಎನ್ನುವುದಕ್ಕೆ ಮೂರು. ಪರೀಕ್ಷೆಯಲ್ಲಿ ಅದಲುಬದಲಾಗುವುದು ಈ ಜೋಡಿಯೇ. ಷಾಣ್ಮಾಸಿಕಕ್ಕೆ ಅರ್ಧವಾರ್ಷಿಕ ಎಂಬ ಹೆಸರೂ ಇದೆ, ಎರಡೂ ಒಂದೇ.

ಇಂಗ್ಲಿಷ್ ಪದಗಳ ತೊಂದರೆ ಬೇರೆ ಬಗೆಯದು. 'ಬೈಮಂತ್ಲಿ' ಎಂಬುದಕ್ಕೆ ನಿಘಂಟುಗಳೇ ಎರಡು ಅರ್ಥ ಕೊಡುತ್ತವೆ: ಎರಡು ತಿಂಗಳಿಗೊಮ್ಮೆ, ತಿಂಗಳಿಗೆ ಎರಡು ಸಲ. ಮೊದಲನೆಯದಾದರೆ ವರ್ಷಕ್ಕೆ 6 ಸಂಚಿಕೆ, ಎರಡನೆಯದಾದರೆ 24. 'ಬೈವೀಕ್ಲಿ'ಯ ಕಥೆಯೂ ಇದೇ: 26 ಆಗಬಹುದು, 104 ಕೂಡ ಆಗಬಹುದು. ಗ್ರಂಥಾಲಯ ಸೂಚೀಕರಣದಲ್ಲಿ ಮಾತ್ರ ಈ ಅನುಮಾನಕ್ಕೆ ಎಡೆಯಿಲ್ಲ. ಅಲ್ಲಿ 'ಬೈ' ಎಂದರೆ ಎರಡಕ್ಕೊಮ್ಮೆ, 'ಸೆಮಿ' ಎಂದರೆ ಒಂದರಲ್ಲಿ ಎರಡು ಸಲ. ಗ್ರಂಥಾಲಯದ ಕಂಪ್ಯೂಟರ್ ದಾಖಲೆಗಳ ಮಾದರಿಯಾದ ಮಾರ್ಕ್ 21ರ 008 ಕ್ಷೇತ್ರದ 18ನೇ ಸ್ಥಾನದಲ್ಲಿ ಬೈಮಂತ್ಲಿಗೆ 'ಬಿ', ಸೆಮಿಮಂತ್ಲಿಗೆ 'ಎಸ್' ಅಕ್ಷರ ಹಾಕುತ್ತಾರೆ.

ಸಾಮಾನ್ಯ ಬಳಕೆಯಲ್ಲಿ 'ಬೈಆನ್ಯುಯಲ್' ವರ್ಷಕ್ಕೆ ಎರಡು ಸಲ, 'ಬೈಯೆನ್ನಿಯಲ್' ಎರಡು ವರ್ಷಕ್ಕೊಮ್ಮೆ. ವೆನಿಸ್‌ನ ಕಲಾಪ್ರದರ್ಶನ 'ಬಿಯೆನಾಲೆ' ಎರಡು ವರ್ಷಕ್ಕೊಮ್ಮೆ ನಡೆಯುತ್ತದಲ್ಲ, ಅದನ್ನು ಹಿಡಿದುಕೊಂಡರೆ ಎರಡನೆಯ ಪದ ಮರೆಯುವುದಿಲ್ಲ.

ನನಗೆ ಬಹಳ ಮುಖ್ಯವೆನಿಸುವುದು ಪಾಕ್ಷಿಕ. 'ಫೋರ್ಟ್‌ನೈಟ್ಲಿ' ಎಂಬುದನ್ನು ನಾವು ಕಣ್ಣುಮುಚ್ಚಿ ಪಾಕ್ಷಿಕ ಎಂದುಬಿಡುತ್ತೇವೆ. ಆದರೆ ಫೋರ್ಟ್‌ನೈಟ್ ಎಂಬುದು 'ಹದಿನಾಲ್ಕು ರಾತ್ರಿ' ಎಂಬ ಹಳೆಯ ಇಂಗ್ಲಿಷ್ ಮಾತಿನಿಂದ ಬಂದದ್ದು. ಸರಿಯಾಗಿ ಎರಡು ವಾರ, ಹಾಗಾಗಿ ವರ್ಷಕ್ಕೆ 26 ಸಂಚಿಕೆ. ಪಕ್ಷಕ್ಕೆ ಹದಿನೈದು ತಿಥಿ, ತಿಂಗಳಿಗೆ ಎರಡು ಪಕ್ಷ. ತಿಂಗಳ 1 ಮತ್ತು 16ರಂದು ಬರುವ ಪಾಕ್ಷಿಕಕ್ಕೆ 24 ಸಂಚಿಕೆ. ಚಂದಾದಾರರ ಲೆಕ್ಕದಲ್ಲಿ ಎರಡು ಸಂಚಿಕೆ ಕಡಿಮೆ ಕಂಡರೆ, ಕಳೆದುಹೋಗಿವೆ ಎನ್ನುವ ಮೊದಲು ಪತ್ರಿಕೆ ವಾರ ಎಣಿಸುತ್ತದೋ ತಾರೀಖು ಎಣಿಸುತ್ತದೋ ನೋಡಿ.

ಹೆಸರಿನಿಂದ ತಿಳಿಯದಿದ್ದಾಗ ನಾನು ಮುಖಪುಟದ ಮೂಲೆಗೆ ಹೋಗುತ್ತೇನೆ. 'ಸಂಪುಟ 12, ಸಂಚಿಕೆ 5, ಸೆಪ್ಟೆಂಬರ್–ಅಕ್ಟೋಬರ್' ಎಂದಿದೆ ಎನ್ನಿ. ಸಂಪುಟ ಜನವರಿಯಲ್ಲಿ ಶುರುವಾಗಿದ್ದರೆ ಅದು ದ್ವೈಮಾಸಿಕ. ಅದೇ ಜಾಗದಲ್ಲಿ 'ಸಂಚಿಕೆ 9–10' ಎಂದಿದ್ದರೆ ಅದು ಮಾಸಿಕದ ಜೋಡಿ ಸಂಚಿಕೆ. ಎರಡರಲ್ಲೂ ತಿಂಗಳ ಹೆಸರುಗಳು ಒಂದೇ ಆಗಿರುವುದರಿಂದ ಸಂಚಿಕೆಯ ಸಂಖ್ಯೆಯನ್ನೇ ನೋಡಬೇಕು.