ರಕ್ತ ಏರಿಸುವ ಮೊದಲು ಒಂದು ಫೋನ್ ಮಾಡಿ

ಹೋದ ತಿಂಗಳೂ ಅದೇ ಆಯಿತು. ವಾರಕ್ಕೆ ಮೂರು ಸಲ ನಮ್ಮಲ್ಲಿ ಡಯಾಲಿಸಿಸ್‌ಗೆ ಬರುವ ಹುಡುಗ, ಇನ್ನೂ ಮೂವತ್ತು ತುಂಬಿಲ್ಲ. ಹಬ್ಬಕ್ಕೆ ಊರಿಗೆ ಹೋದವನು ಅಲ್ಲಿ ಸುಸ್ತಾಗಿ ಮಲಗಿಬಿಟ್ಟ. ಮನೆಯವರು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಹಿಮೋಗ್ಲೋಬಿನ್ 7.4 ಇತ್ತು. ಎರಡು ಬಾಟ್ಲಿ ರಕ್ತ ಏರಿಸಿ ಕಳಿಸಿದರು. ಸೋಮವಾರ ಬಂದವನೇ ಖುಷಿಯಿಂದ ಹೇಳಿದ, "ಮೇಡಂ, ಈಗ 9ರ ಮೇಲಿದೆ. ನಮ್ಮಣ್ಣನ ಬ್ಲಡ್ಡೇ ಹಾಕಿದ್ದು."

ಆ ಅಣ್ಣ ಇವನಿಗೆ ಕಿಡ್ನಿ ಕೊಡಲು ಒಪ್ಪಿದ್ದವನು. ಅವನ ಪರೀಕ್ಷೆಗಳು ಅರ್ಧ ಮುಗಿದಿದ್ದವು.

ನಾನು ಜೋರಾಗಿಯೇ ಬೈದೆ. ಸಂಜೆ ಅದಕ್ಕೆ ಬೇಜಾರಾಯಿತು. ಹುಡುಗನಿಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನೀರು ಅಳೆದು ಕುಡಿಯುವುದು, ಉಪ್ಪು ಕಡಿಮೆ ಮಾಡುವುದು, ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಜಾಗ) ಇರುವ ಕೈಯಲ್ಲಿ ಬಿಪಿ ನೋಡಿಸದೆ ಇರುವುದು, ಇವೆಲ್ಲ ನಿಮಗೆ ಗೊತ್ತೇ ಇದೆ. ಇವತ್ತು ಬರೀ ರಕ್ತದ ಮಾತು: ಕಿಡ್ನಿ ಕಸಿಗೆ, ಅಂದರೆ ಬೇರೆಯವರ ಕಿಡ್ನಿ ಜೋಡಿಸಿಕೊಳ್ಳಲು, ಕಾಯುವವರು ರಕ್ತ ಏರಿಸಿಕೊಳ್ಳುವ ಮೊದಲು ಯಾಕೆ ಯೋಚಿಸಬೇಕು ಅಂತ.

ಕಿಡ್ನಿ ಕೆಟ್ಟವರಿಗೆ ರಕ್ತ ಕಡಿಮೆಯಾಗುವುದು ಊಟ ಸಾಲದೆ ಅಲ್ಲ. ಕಿಡ್ನಿಯ ಕೆಲಸ ರಕ್ತ ಸೋಸಿ ಮೂತ್ರ ಮಾಡುವುದಷ್ಟೇ ಅಲ್ಲ, ಎರಿಥ್ರೋಪೊಯಿಟಿನ್ ಅನ್ನುವ ಹಾರ್ಮೋನನ್ನೂ ಅದೇ ತಯಾರಿಸುತ್ತದೆ. ಮೂಳೆಯ ಮಜ್ಜೆಗೆ "ರಕ್ತ ಮಾಡು" ಎಂದು ಹೇಳುವುದು ಆ ಹಾರ್ಮೋನು. ಕಿಡ್ನಿ ಸೋತಾಗ ಆ ಮಾತು ಹೇಳುವವರೇ ಇಲ್ಲ. ಇದು ಗೊತ್ತಿಲ್ಲದೆ ಮನೆಯವರು ಬೀಟ್‌ರೂಟ್ ಜ್ಯೂಸ್, ದಾಳಿಂಬೆ, ಖರ್ಜೂರ, ನುಗ್ಗೆಸೊಪ್ಪು ಅಂತ ಪ್ರೀತಿಯಿಂದ ತಿನ್ನಿಸುತ್ತಾರೆ. ಅವೆಲ್ಲದರಲ್ಲೂ ಪೊಟ್ಯಾಸಿಯಂ ಜಾಸ್ತಿ. ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು, ಮೈಯಲ್ಲಿ ಸೇರಿದರೆ ಎದೆಬಡಿತಕ್ಕೇ ಅಪಾಯ. ಮೊಮ್ಮಗನಿಗೆ ರಕ್ತ ಬರಲಿ ಅಂತ ದಿನಾ ಬೀಟ್‌ರೂಟ್ ರಸ ಮಾಡಿಕೊಡುತ್ತಿದ್ದ ಒಬ್ಬ ಅಜ್ಜಿ ಇದ್ದರು. ಒಂದು ಭಾನುವಾರ ರಾತ್ರಿ ಅವನ ಎದೆಬಡಿತ ತಾಳ ತಪ್ಪಿತು, ತುರ್ತಾಗಿ ಡಯಾಲಿಸಿಸ್ ಮಾಡಿ ಉಳಿಸಿಕೊಂಡೆವು. ಅಜ್ಜಿ ವಾರ್ಡಿನ ಹೊರಗೆ ಕೂತು ಅಳುತ್ತಿದ್ದರು. ಅವರಿಗೆ ಏನು ಹೇಳೋದು, ಹೇಳಿ?

ಇದಕ್ಕೆ ಸರಿಯಾದ ಔಷಧಿ ಇದೆ. ಆ ಹಾರ್ಮೋನನ್ನೇ ಇಂಜೆಕ್ಷನ್ ಮಾಡಿ ಕೊಡುತ್ತೇವೆ, ಜೊತೆಗೆ ಕಬ್ಬಿಣದ ಅಂಶ. 1989ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು, ಅದಕ್ಕೂ ಮೊದಲು ಎಷ್ಟೋ ಡಯಾಲಿಸಿಸ್ ರೋಗಿಗಳು ರಕ್ತದ ಬಾಟ್ಲಿಯ ಮೇಲೇ ಬದುಕಬೇಕಿತ್ತು. ಆದರೆ ನಮ್ಮಲ್ಲಿ ಇದನ್ನು "ಶಕ್ತಿ ಇಂಜೆಕ್ಷನ್" ಎಂದು ಕರೆದು ಕರೆದು ಟಾನಿಕ್ ಮಾಡಿಬಿಟ್ಟಿದ್ದಾರೆ. ಕೈಯಲ್ಲಿ ದುಡ್ಡಿಲ್ಲದ ತಿಂಗಳು ಮೊದಲು ಬಿಡುವುದು ಇದನ್ನೇ. ದುಡ್ಡಿನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಬಿಡುವ ಮೊದಲು ನಮಗೆ ಹೇಳಿ. ಕಡಿಮೆ ಬೆಲೆಯ ಬ್ರ್ಯಾಂಡ್ ನೋಡಬಹುದು, ಯಾವುದಾದರೂ ಯೋಜನೆಯಲ್ಲಿ ಸಿಗುತ್ತದಾ ಕೇಳಬಹುದು. ಸುಮ್ನೆ ಬಿಟ್ಟರೆ ಹಿಮೋಗ್ಲೋಬಿನ್ 10ರಿಂದ ಮೆಲ್ಲಗೆ 7ಕ್ಕೆ ಇಳಿಯುತ್ತದೆ. ಆಗ ಯಾರೋ ಒಬ್ಬರು "ಎರಡು ಬಾಟ್ಲಿ ಏರಿಸಿಬಿಡಿ" ಅನ್ನುತ್ತಾರೆ.

"ಗ್ರೂಪ್ ಒಂದೇ ಅಲ್ವಾ ಮೇಡಂ, ಮತ್ತೇನು ತೊಂದರೆ?" ಈ ಪ್ರಶ್ನೆಯನ್ನು ನನಗೆ ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ನಿಧಾನವಾಗಿ ಹೇಳುತ್ತೇನೆ. ಎ, ಬಿ, ಓ ಎನ್ನುವ ಗ್ರೂಪ್ ಕೆಂಪು ರಕ್ತಕಣಗಳ ಗುರುತು. ಬಾಟ್ಲಿಯಲ್ಲಿ ಕೆಂಪು ಕಣ ಮಾತ್ರ ಇರುವುದಿಲ್ಲ. ಬಿಳಿ ಕಣ, ಪ್ಲೇಟ್‌ಲೆಟ್ ಕೂಡ ಅಷ್ಟಿಷ್ಟು ಇರುತ್ತವೆ. ಅವುಗಳ ಮೈಮೇಲೆ ಎಚ್‌ಎಲ್‌ಎ ಎಂಬ ಬೇರೆಯೇ ಗುರುತು ಇದೆ. ಅದು ಒಬ್ಬೊಬ್ಬರದು ಒಂದೊಂದು ಥರ. ಆ ಗುರುತು ಕಿಡ್ನಿಯ ಮೇಲೂ ಇರುತ್ತದೆ. ಇಷ್ಟನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭ. ಬೇರೆಯವರ ರಕ್ತ ನಿಮ್ಮ ಮೈಗೆ ಹೋದಾಗ ನಿಮ್ಮ ದೇಹ ಆ ಗುರುತನ್ನು ನೋಡಿ "ಇವನು ಹೊರಗಿನವನು" ಅಂತ ಅದರ ವಿರುದ್ಧ ಆಂಟಿಬಾಡಿ, ಅಂದರೆ ಹೊರಗಿನದರ ಮೇಲೆ ಬೀಳುವ ಪ್ರೋಟೀನ್, ತಯಾರಿಸಬಹುದು. ಒಂದು ಸಲ ದಡಾರ ಬಂದವರ ಮೈ ಆ ರೋಗವನ್ನು ಮರೆಯುವುದಿಲ್ಲ ನೋಡಿ, ಇದೂ ಹಾಗೆಯೇ. ಏರಿಸಿದ ರಕ್ತ ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಆಂಟಿಬಾಡಿ ವರ್ಷಗಟ್ಟಲೆ ಉಳಿಯಬಹುದು. ನಾಳೆ ಅದೇ ಗುರುತಿರುವ ಕಿಡ್ನಿ ಬಂದರೆ ದೇಹ ಅದರ ಮೇಲೆ ಬೀಳುತ್ತದೆ. ಹೊಲಿಗೆ ಮುಗಿದು ಕೆಲವೇ ನಿಮಿಷಗಳಲ್ಲಿ, ಕೆಲವು ಗಂಟೆಗಳಲ್ಲಿ ಕಿಡ್ನಿ ಕಪ್ಪಾಗಿ ಹಾಳಾಗಬಹುದು.

ಹಾಗಾಗಬಾರದು ಎಂದೇ ಕ್ರಾಸ್‌ಮ್ಯಾಚ್ ಮಾಡುವುದು. ದಾನಿಯ ಬಿಳಿ ಕಣಗಳಿಗೆ ನಿಮ್ಮ ಸೀರಮ್ (ರಕ್ತದ ತಿಳಿ ಭಾಗ, ಆಂಟಿಬಾಡಿ ಇರುವುದು ಅದರಲ್ಲೇ) ಸೇರಿಸಿ ನೋಡುತ್ತಾರೆ. ಆಂಟಿಬಾಡಿ ಆ ಕಣಗಳ ಮೇಲೆ ಬಿದ್ದರೆ ಪಾಸಿಟಿವ್, ಆ ಕಿಡ್ನಿ ನಿಮಗೆ ಆಗುವುದಿಲ್ಲ. ಅಂಗದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುವವರಿಗೆ ಈ ಪರೀಕ್ಷೆ ಎಷ್ಟು ದೊಡ್ಡದು ಅಂತ ಕರೆ ಬಂದ ರಾತ್ರಿಯೇ ಗೊತ್ತಾಗುತ್ತದೆ. ಮೆದುಳು ನಿಷ್ಕ್ರಿಯವಾದ ಒಬ್ಬರ ಮನೆಯವರು ದಾನಕ್ಕೆ ಒಪ್ಪಿರುತ್ತಾರೆ. ಒಂದು ಕಿಡ್ನಿಗೆ ಸಾಮಾನ್ಯವಾಗಿ ಒಬ್ಬರಿಗಿಂತ ಜಾಸ್ತಿ ಜನರನ್ನು ಕರೆಯುತ್ತೇವೆ. ರಾತ್ರಿ ಎರಡು ಗಂಟೆಗೆ ಫೋನ್ ಬಂದು, ಯಾರದೋ ಕಾರು ಹಿಡಿದು, ದಾರಿಯುದ್ದಕ್ಕೂ ದೇವರ ಹೆಸರು ಹೇಳಿಕೊಂಡು, ಏನೂ ತಿನ್ನದೆ ಕುಡಿಯದೆ ಬಂದು ಕಾರಿಡಾರಿನಲ್ಲಿ ಕೂತಿರುತ್ತಾರೆ. ಬೆಳಗ್ಗೆ ರಿಪೋರ್ಟ್ ಬರುತ್ತದೆ. ಕ್ರಾಸ್‌ಮ್ಯಾಚ್ ಪಾಸಿಟಿವ್ ಬಂದವರು ವಾಪಸ್ ಹೋಗಬೇಕು. ಅವರಿಗೆ ಅದನ್ನು ಹೇಳುವ ಕೆಲಸ ನನ್ನದು.

ಕೆಲವರು ಹೇಳುತ್ತಾರೆ, "ಹಿಂದೆ ಡಾಕ್ಟರುಗಳೇ ಕಸಿಗೆ ಮುಂಚೆ ರಕ್ತ ಕೊಡುತ್ತಿದ್ದರಂತಲ್ಲ?" ನಿಜ, ಕೊಡುತ್ತಿದ್ದರು. 1973ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರಾದ ಓಪೆಲ್ಜ್ ಮತ್ತು ತೆರಸಾಕಿ, ರಕ್ತ ಪಡೆದವರಲ್ಲಿ ಕಸಿ ಮಾಡಿದ ಕಿಡ್ನಿ ಜಾಸ್ತಿ ದಿನ ಉಳಿಯುತ್ತದೆ ಎಂದು ತೋರಿಸಿದ್ದರು. ಆಗ ಒಳ್ಳೆಯ ಔಷಧಿಗಳಿರಲಿಲ್ಲ. 1980ರ ದಶಕದಲ್ಲಿ, ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಔಷಧಿ ಬಂದ ಮೇಲೆ ಆ ಲಾಭ ಹೆಚ್ಚುಕಡಿಮೆ ಹೋಯಿತು, ಆಂಟಿಬಾಡಿಯ ಅಪಾಯ ಮಾತ್ರ ಉಳಿಯಿತು. ಆಗಿನ ಹಿರಿಯರದು ತಪ್ಪಲ್ಲ. ಕಾಲ ಬದಲಾಗಿದೆ ಅಷ್ಟೇ.

ಹೆಣ್ಣುಮಕ್ಕಳ ಬಗ್ಗೆ ಇನ್ನೂ ಸ್ವಲ್ಪ ಜಾಸ್ತಿ ಹೇಳಬೇಕು. ಹೊಟ್ಟೆಯಲ್ಲಿರುವ ಮಗುವಿನ ಗುರುತುಗಳಲ್ಲಿ ಅರ್ಧ ಅಪ್ಪನವು. ಬಸಿರಿನಲ್ಲಿ, ಹೆರಿಗೆಯಲ್ಲಿ ಮಗುವಿನ ಸ್ವಲ್ಪ ರಕ್ತ ತಾಯಿಗೆ ಸೇರುತ್ತದೆ. ಹಾಗಾಗಿ ಮಕ್ಕಳಾದ ಹೆಂಗಸಿನ ಮೈಯಲ್ಲಿ ಗಂಡನ ಗುರುತಿನ ವಿರುದ್ಧವೇ ಆಂಟಿಬಾಡಿ ಇರಬಹುದು. ಅದರ ಮೇಲೆ ರಕ್ತವನ್ನೂ ಏರಿಸಿದರೆ ಮೈಗೆ ಹಳೆಯದೆಲ್ಲ ಮತ್ತೆ ನೆನಪಾದ ಹಾಗೆ. ನನ್ನ ಒಬ್ಬ ರೋಗಿಗೆ ಮೂವರು ಮಕ್ಕಳು. ಎರಡು ಸಲ ಹೊರಗಡೆ ರಕ್ತ ಹಾಕಿಸಿಕೊಂಡಿದ್ದರು. ಗಂಡ ಹಾಲು ಹಾಕುವ ಮನುಷ್ಯ. "ನನ್ನ ಕಿಡ್ನಿನೇ ತಗೊಳ್ಳಿ ಮೇಡಂ" ಎಂದು ತಾನಾಗಿಯೇ ಬಂದರು. ನಮ್ಮಲ್ಲಿ ಹೆಂಡತಿ ಗಂಡನಿಗೆ ಕೊಡುವುದನ್ನು ನೋಡಿದಷ್ಟು ಗಂಡ ಹೆಂಡತಿಗೆ ಕೊಡುವುದನ್ನು ನಾನು ನೋಡಿಲ್ಲ, ಅದಕ್ಕೇ ಆ ದಿನ ಚೆನ್ನಾಗಿ ನೆನಪಿದೆ. ಗ್ರೂಪ್ ಸೇರಿತು, ಅವರ ಆರೋಗ್ಯವೂ ಚೆನ್ನಾಗಿತ್ತು. ಕ್ರಾಸ್‌ಮ್ಯಾಚ್ ಪಾಸಿಟಿವ್ ಬಂತು. ರಕ್ತ ಹಾಕಿಸಿಕೊಳ್ಳದಿದ್ದರೆ ನೆಗೆಟಿವ್ ಬರುತ್ತಿತ್ತು ಅಂತ ನಾನು ಹೇಳಲಾರೆ. ಬರೀ ಹೆರಿಗೆಗಳಿಂದಲೂ ಆಗಿರಬಹುದು. ಆದರೆ ಒಂದು ಕಾರಣವನ್ನಾದರೂ ತಪ್ಪಿಸಬಹುದಿತ್ತು.

ಇದನ್ನು ಓದಿ ಯಾರೂ ಹಟ ಹಿಡಿದು ರಕ್ತ ಬೇಡ ಅನ್ನಬೇಡಿ, ದಯವಿಟ್ಟು. ರಕ್ತಸ್ರಾವವಾಗುತ್ತಿದ್ದರೆ, ಎದೆ ನೋಯುತ್ತಿದ್ದರೆ, ಉಸಿರು ಸಿಕ್ಕುತ್ತಿಲ್ಲದಿದ್ದರೆ ಮೊದಲು ಜೀವ, ಆಮೇಲೆ ಕಸಿ. ಆ ತೀರ್ಮಾನ ಎದುರಿಗಿರುವ ಡಾಕ್ಟರದು. ಅಂಥಾ ತುರ್ತು ಇಲ್ಲದಿದ್ದರೆ, "ನಾನು ಕಸಿಗೆ ಕಾಯುತ್ತಿದ್ದೇನೆ, ನಮ್ಮ ಕಿಡ್ನಿ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ" ಎನ್ನಿ. ಹಾಕಲೇಬೇಕಾದರೆ ಬಿಳಿ ಕಣ ಸೋಸಿದ ರಕ್ತ ಸಿಗುತ್ತದಾ ಕೇಳಿ. ಅದರಿಂದ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕಿಡ್ನಿ ಕೊಡಬಹುದಾದ ಅಮ್ಮ, ಅಣ್ಣ, ಗಂಡ, ಹೆಂಡತಿ ಯಾರ ರಕ್ತವೂ ಬೇಡವೇ ಬೇಡ. ಹಾಕಿಸಿಕೊಂಡಿದ್ದಾಗಿದ್ದರೆ ಮುಚ್ಚಿಡಬೇಡಿ. ಬೈತಾರೆ ಅಂತ ಹೇಳದೆ ಇರುವವರಿದ್ದಾರೆ. ಲ್ಯಾಬಿನಲ್ಲಿರುವ ನಿಮ್ಮ ಹಳೆಯ ಸೀರಮ್‌ನಲ್ಲಿ ಹೊಸ ಆಂಟಿಬಾಡಿ ಕಾಣುವುದಿಲ್ಲ. ಸುಮಾರು ಎರಡು ವಾರ ಬಿಟ್ಟು ಹೊಸ ಸ್ಯಾಂಪಲ್ ಕೊಡಬೇಕು. ಹಬ್ಬಕ್ಕೆ ಹೋಗಿದ್ದ ಆ ಹುಡುಗನಿಂದಲೂ ಕೊಡಿಸಿದ್ದೇವೆ, ರಿಪೋರ್ಟ್ ಇನ್ನೂ ಬಂದಿಲ್ಲ.

ಆ ಮೂರು ಮಕ್ಕಳ ತಾಯಿ ಈಗಲೂ ವಾರಕ್ಕೆ ಮೂರು ದಿನ ಬರುತ್ತಾರೆ. ಆಂಟಿಬಾಡಿ ತೆಗೆಯುವ ಚಿಕಿತ್ಸೆ ಇದೆ, ಆದರೆ ತುಂಬಾ ದುಬಾರಿ, ಖಾತರಿಯೂ ಇಲ್ಲ. ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಅಂಗ ಕಸಿ ಕಾನೂನಿನ 2011ರ ತಿದ್ದುಪಡಿಯಿಂದ ಅವಕಾಶವಿದೆ. ಅಂಥ ಒಂದು ಜೋಡಿಗಾಗಿ ಹುಡುಕುತ್ತಿದ್ದೇವೆ. ಗಂಡ ಇಂಜೆಕ್ಷನ್ ಒಂದು ವಾರವೂ ತಪ್ಪಿಸಿಲ್ಲ. ಹೆಂಡತಿಯ ಫೈಲಿನ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ. ದೊಡ್ಡ ಅಕ್ಷರದಲ್ಲಿ ಬರೆದವಳು ದೊಡ್ಡ ಮಗಳು: "ನಮ್ಮಮ್ಮನಿಗೆ ರಕ್ತ ಹಾಕುವ ಮೊದಲು ಈ ನಂಬರಿಗೆ ಫೋನ್ ಮಾಡಿ." ಕೆಳಗಿರುವುದು ನನ್ನ ನಂಬರ್.